ನೀರು ನಿಂತ ಜಾಗ: ಲಕ್ವ ಹೊಡೆದ ಮೆದುಳಿನಲ್ಲಿ ಎಂಆರ್‌ಐ ಏನನ್ನು ನೋಡುತ್ತದೆ?

ನಮ್ಮ ದೊಡ್ಡಪ್ಪನ ಕೈಯಿಂದ ಬ್ರಷ್ ಜಾರಿ ಬಿದ್ದಿದ್ದು ಬೆಳಿಗ್ಗೆ 5.30ಕ್ಕೆ. ಬಗ್ಗಿ ಎತ್ತಿಕೊಳ್ಳಲು ನೋಡಿದರು. ಬಲಗೈ ಮಾತು ಕೇಳಲಿಲ್ಲ. ದೊಡ್ಡಮ್ಮನನ್ನು ಕೂಗಿದರೆ ಮಾತು ತೊದಲಿತು. ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ: "ಎಷ್ಟು ಗಂಟೆಗೆ ಶುರುವಾಯ್ತು?" ಯಾರಿಗೆ ಗೊತ್ತು? ರಾತ್ರಿ 10ಕ್ಕೆ ಮಲಗುವಾಗ ಚೆನ್ನಾಗಿಯೇ ಇದ್ದರು.

ಮೊದಲು ಸಿಟಿ ಸ್ಕ್ಯಾನ್ ಮಾಡಿದರು. "ನಾರ್ಮಲ್ ಇದೆ" ಅಂದರು. ನಾವು ಕಾರಿಡಾರ್‌ನಲ್ಲಿ ನಿಂತು ಉಸಿರು ಬಿಟ್ಟೆವು. ಒಂದು ಗಂಟೆಯ ನಂತರ ಎಂಆರ್‌ಐ ಆಯಿತು. ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ಮೆದುಳಿನ ಎಡಭಾಗದಲ್ಲಿ, ಸಾಕಷ್ಟು ಆಳದಲ್ಲಿ, ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಬಿಳಿ ಕಲೆ. ಸುಣ್ಣ ಅಂಟಿದ ಹಾಗೆ ಎದ್ದು ಕಾಣುತ್ತಿತ್ತು. ಒಂದು ಗಂಟೆ ಮುಂಚೆ ಇಲ್ಲದ್ದು ಈಗ ಎಲ್ಲಿಂದ ಬಂತು ಅಂತ ನಮಗೆಲ್ಲ ದಿಗಿಲು.

ಕಲೆ ಆಗಲೂ ಇತ್ತು. ಸಿಟಿಯ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಸಿಟಿಯನ್ನು ಬೈಯುವಂತಿಲ್ಲ. ಲಕ್ವ ಹೊಡೆಯುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ರಕ್ತನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವುದು. ಇನ್ನೊಂದು, ಹೆಪ್ಪು ಸಿಕ್ಕಿಕೊಂಡು ನಾಳ ಕಟ್ಟಿಹೋಗುವುದು. ಸೋರಿದ ರಕ್ತವನ್ನು ಸಿಟಿ ಕ್ಷಣದಲ್ಲಿ ಹಿಡಿಯುತ್ತದೆ, ಅದಕ್ಕೇ ಅದು ಮೊದಲು. ಆದರೆ ನಾಳ ಕಟ್ಟಿಹೋದ ಜಾಗದಲ್ಲಿ ಮೊದಲ ಕೆಲವು ಗಂಟೆ ಸಿಟಿಗೆ ಹೆಚ್ಚೇನೂ ಕಾಣುವುದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಸ್ಟ್ರೋಕ್ ಅನುಮಾನದ ಮೇಲೆ ಬಂದ 356 ಜನರಿಗೆ ಎರಡೂ ಸ್ಕ್ಯಾನ್ ಮಾಡಿ ಹೋಲಿಸಿದ ಅಧ್ಯಯನ ಪ್ರಕಟವಾಯಿತು. ನಿಜಕ್ಕೂ ಸ್ಟ್ರೋಕ್ ಆಗಿದ್ದವರಲ್ಲಿ ಎಂಆರ್‌ಐ 83% ಜನರನ್ನು ಹಿಡಿಯಿತು. ಸಿಟಿ ಹಿಡಿದದ್ದು 26%.

ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಂಆರ್‌ಐನೊಳಗಿನ ಒಂದು ವಿಶೇಷ ಬಗೆಯ ಸ್ಕ್ಯಾನ್, ಡಿಫ್ಯೂಷನ್. ರಿಪೋರ್ಟಿನಲ್ಲಿ "ರಿಸ್ಟ್ರಿಕ್ಟೆಡ್ ಡಿಫ್ಯೂಷನ್" ಅಂತ ಬರೆದಿರುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ: ಇಲ್ಲಿ ನೀರಿನ ಓಡಾಟಕ್ಕೆ ಅಡ್ಡಿಯಾಗಿದೆ.

ಯಾವ ನೀರು? ಎಂಥ ಓಡಾಟ?

ಲೋಟದಲ್ಲಿ ನೀರು ತುಂಬಿ ಅಲುಗಾಡದಂತೆ ಇಡಿ. ನಮ್ಮ ಕಣ್ಣಿಗೆ ಅದು ನಿಶ್ಚಲ. ಒಳಗೆ ಮಾತ್ರ ಒಂದೊಂದು ನೀರಿನ ಕಣವೂ ಪಕ್ಕದ ಕಣಗಳಿಗೆ ಡಿಕ್ಕಿ ಹೊಡೆಯುತ್ತಾ, ದಿಕ್ಕು ತಪ್ಪಿದವರ ಹಾಗೆ ಅಲೆಯುತ್ತಲೇ ಇರುತ್ತದೆ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಮೈಕ್ರೋಸ್ಕೋಪಿನಲ್ಲಿ ಪರಾಗದೊಳಗಿನ ಪುಟ್ಟ ಕಣಗಳು ನೀರಿನಲ್ಲಿ ಸುಮ್ಸುಮ್ನೆ ಕುಣಿಯುವುದನ್ನು ಕಂಡ. ಆ ಕುಣಿತದ ಲೆಕ್ಕವನ್ನು 1905ರಲ್ಲಿ ಐನ್‌ಸ್ಟೈನ್ ಬಿಡಿಸಿಟ್ಟ. ಆ ಲೆಕ್ಕದ ಪ್ರಕಾರ, ಮೈ ಬಿಸಿಯಷ್ಟು ಬೆಚ್ಚಗಿರುವ ನೀರಿನ ಕಣ 50 ಮಿಲಿಸೆಕೆಂಡಿನಲ್ಲಿ ಒಂದು ದಿಕ್ಕಿನಲ್ಲಿ ಸರಾಸರಿ 17 ಮೈಕ್ರಾನ್ ಸರಿಯುತ್ತದೆ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್.

ಮೆದುಳು ಲೋಟ ಅಲ್ಲ. ಅಲ್ಲಿ ಜೀವಕೋಶಗಳು, ಅವುಗಳ ಗೋಡೆಗಳು, ನರತಂತುಗಳು, ಎಲ್ಲ ಒತ್ತೊತ್ತಾಗಿ ತುಂಬಿವೆ. ಹೋದಲ್ಲೆಲ್ಲ ಗೋಡೆ ಅಡ್ಡ. ಹಾಗಾಗಿ ಅಷ್ಟೇ ಹೊತ್ತಿನಲ್ಲಿ ಅದೇ ಕಣ 8–9 ಮೈಕ್ರಾನ್ ಸರಿದರೆ ಹೆಚ್ಚು. ಸ್ಕ್ಯಾನ್ ಮಾಡುವವರು ಈ ಓಡಾಟವನ್ನು ಒಂದು ಅಂಕಿಯಾಗಿ ಬರೆಯುತ್ತಾರೆ. ಅದರ ಹೆಸರು ಎಡಿಸಿ. ತಡೆಯಿಲ್ಲದ ನೀರಿಗೆ ಅದು ಸುಮಾರು 3000. ಆರೋಗ್ಯವಾಗಿರುವ ಮೆದುಳಿಗೆ ಸುಮಾರು 800. ನಾಳ ಕಟ್ಟಿಹೋದ ಜಾಗದಲ್ಲಿ ಅದು 30ರಿಂದ 50% ಇಳಿದು 400–550ರ ಆಸುಪಾಸಿಗೆ ಬರುತ್ತದೆ. (ಮೂಲ ಮಾನ ಸೆಕೆಂಡಿಗೆ ಚದರ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಅದನ್ನು ಮರೆತುಬಿಡಿ, ಅಂಕಿಗಳು ಸಾಕು.)

ಯಾಕೆ ಇಳಿಯುತ್ತದೆ ಅನ್ನುವುದೇ ಈ ಕಥೆಯ ಹೂರಣ.

ಆರೋಗ್ಯವಾಗಿರುವ ಮೆದುಳಿನ 100 ಗ್ರಾಂ ಭಾಗಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ಕ್ಕಿಂತ ಕೆಳಗಿಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಜೀವ ಹಿಡಿದುಕೊಂಡಿರುತ್ತದೆ. ಸುಮಾರು 10ಕ್ಕೆ ಬಂದರೆ ಅದೂ ಕಷ್ಟ. ಯಾಕೆಂದರೆ ಪ್ರತಿ ಜೀವಕೋಶದ ಗೋಡೆಯಲ್ಲೂ ಉಪ್ಪು ಹೊರಹಾಕುವ ಪುಟ್ಟ ಪಂಪುಗಳಿವೆ. ಒಂದು ಸಲಕ್ಕೆ 3 ಸೋಡಿಯಂ ಕಣ ಹೊರಗೆ, 2 ಪೊಟ್ಯಾಸಿಯಂ ಕಣ ಒಳಗೆ. ಹಗಲು ರಾತ್ರಿ ಇದೇ ಕೆಲಸ. ಮೆದುಳು ಸುಡುವ ಶಕ್ತಿಯ ದೊಡ್ಡ ಪಾಲು ಹೋಗುವುದು ಇದಕ್ಕೇ. ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ಪಂಪಿಗೆ ಕರೆಂಟು ಹೋದ ಹಾಗೆ. ಸೋಡಿಯಂ ಒಳಗೇ ಉಳಿಯುತ್ತದೆ. ಉಪ್ಪು ಇದ್ದ ಕಡೆ ನೀರು ಹೋಗುತ್ತದೆ. ಜೀವಕೋಶ ಊದಿಕೊಳ್ಳುತ್ತದೆ.

ರಾತ್ರಿ ಡಬ್ಬಿಯಲ್ಲಿ ಕಡಲೆಕಾಳು ನೆನೆಹಾಕಿದ್ದು ನೆನಪಿಸಿಕೊಳ್ಳಿ. ಮಲಗುವಾಗ ಕಾಳುಗಳ ನಡುವೆ ಬೇಕಾದಷ್ಟು ನೀರು. ಡಬ್ಬಿ ಅಲ್ಲಾಡಿಸಿದರೆ ಕುಲುಕುತ್ತದೆ. ಬೆಳಿಗ್ಗೆ ನೋಡಿದರೆ ಕಾಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡಿವೆ. ನಡುವಿನ ಸಂದು ಹೋಗಿದೆ. ಕುಲುಕಿದರೆ ಸದ್ದಿಲ್ಲ. ಡಬ್ಬಿಯೊಳಗಿನ ಒಟ್ಟು ನೀರು ಮಾತ್ರ ಒಂದು ತೊಟ್ಟೂ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ.

ಮೆದುಳಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಜೀವಕೋಶಗಳ ನಡುವಿನ ಸಂದು ಒಟ್ಟು ಜಾಗದ ಸುಮಾರು 20% ಇರುತ್ತದೆ. ಊತ ಶುರುವಾದ ಮೇಲೆ ಅದು ಅರ್ಧಕ್ಕೂ ಇಳಿಯಬಹುದು. ಹೊರಗೆ ಉಳಿದ ನೀರಿಗೆ ದಾರಿ ಕಿರಿದು, ಸುತ್ತು ಬಳಸು ಜಾಸ್ತಿ. ಒಳಗೆ ಸೇರಿದ ನೀರು ಗೋಡೆಗಳ ನಡುವೆ ಬಂದಿ. ಒಟ್ಟು ನೀರು ಅಷ್ಟೇ ಇರುವುದರಿಂದ ಸಿಟಿಗೂ ಸಾಮಾನ್ಯ ಎಂಆರ್‌ಐಗೂ ಏನೂ ಕಾಣುವುದಿಲ್ಲ. ಬದಲಾಗಿರುವುದು ನೀರಿನ ಪ್ರಮಾಣ ಅಲ್ಲ, ಅದರ ನಡಿಗೆ. ನಡಿಗೆಯನ್ನು ಅಳೆಯುವ ಸ್ಕ್ಯಾನ್ ಮಾತ್ರ ಇದನ್ನು ಹಿಡಿಯಬಲ್ಲದು.

ಕಡಲೆಕಾಳಿನ ಕಥೆ ಪೂರ್ತಿ ಸತ್ಯ ಅಂತ ವಿಜ್ಞಾನಿಗಳೇ ಒಪ್ಪಿಲ್ಲ. ನರತಂತುಗಳು ಸಮನಾಗಿ ಊದುವುದಿಲ್ಲ, ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ಕಿರಿದಾಗಿ ಮಣಿಸರದ ಹಾಗಾಗುತ್ತವೆ, ಆ ಕಿರಿದಾದ ಕತ್ತುಗಳಲ್ಲಿ ನೀರು ಸಿಕ್ಕಿಕೊಳ್ಳುತ್ತದೆ ಅಂತ 2010ರಲ್ಲಿ ಬಡ್ಡೆ ಮತ್ತು ಫ್ರಾಂಕ್ ಎಂಬಿಬ್ಬರು ತೋರಿಸಿದರು. ಯಾವ ಕಾರಣದ ಪಾಲು ಎಷ್ಟು ಅನ್ನುವ ವಾದ ಇನ್ನೂ ಮುಗಿದಿಲ್ಲ. ನನಗಂತೂ ಎರಡೂ ಕೂಡಿಯೇ ನಡೆಯುತ್ತವೆ ಅನ್ನಿಸುತ್ತದೆ.

ಈಗ ಆ ದೊಡ್ಡ ಅಯಸ್ಕಾಂತ ಕೆಲವು ಮೈಕ್ರಾನ್ ನಡಿಗೆಯನ್ನು ಅಳೆಯುವುದು ಹೇಗೆ ಅಂತ ನೋಡೋಣ. ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದಾರೆ, ಎಲ್ಲರೂ ಧ್ವಜಸ್ತಂಭದ ಕಡೆ ಮುಖ ಮಾಡಿ. ಪಿ.ಟಿ. ಮೇಷ್ಟ್ರು ಹೇಳುತ್ತಾರೆ: ಮೊದಲ ಸಾಲು ಸ್ವಲ್ಪ ಬಲಕ್ಕೆ ತಿರುಗಲಿ, ಎರಡನೇ ಸಾಲು ಅದರ ಎರಡರಷ್ಟು, ಮೂರನೆಯದು ಮೂರರಷ್ಟು. ಆಮೇಲೆ ಕ್ಷಣ ಹೊತ್ತು ಬಿಟ್ಟು, ಈಗ ನೀವು ನಿಂತಿರುವ ಸಾಲಿನ ಲೆಕ್ಕದಲ್ಲೇ ಎಡಕ್ಕೆ ತಿರುಗಿ ಅನ್ನುತ್ತಾರೆ. ಯಾರೂ ಜಾಗ ಬಿಟ್ಟು ಕದಲಿಲ್ಲ ಅಂದರೆ ಎಲ್ಲರ ಮುಖವೂ ಮತ್ತೆ ಧ್ವಜಸ್ತಂಭಕ್ಕೆ. ಆದರೆ ನಡುವಿನ ಹೊತ್ತಿನಲ್ಲಿ ತುಂಟರು ಸಾಲು ಬದಲಿಸಿದ್ದರೆ? ಒಬ್ಬೊಬ್ಬರ ಮುಖ ಒಂದೊಂದು ಕಡೆ. "ಏಕ್ ಸಾಥ್" ಅಂತ ಕೂಗಿಸಿದರೆ ಸದ್ದು ಚದುರಿಹೋಗುತ್ತದೆ.

ಅಯಸ್ಕಾಂತ ಮಾಡುವುದು ಇದನ್ನೇ. ಮೊದಲ ಮಿಡಿತದಲ್ಲಿ ನೀರಿನ ಕಣಗಳಿಗೆ ಜಾಗಕ್ಕೆ ತಕ್ಕ ತಿರುವು, ಎರಡನೆಯದರಲ್ಲಿ ಅದೇ ತಿರುವು ವಾಪಸ್. ಕಣ ಸರಿದಷ್ಟೂ ಸಿಗ್ನಲ್ ಕುಗ್ಗುತ್ತದೆ. ಓಡಾಡಿದ ನೀರು ಕಪ್ಪು, ನಿಂತ ನೀರು ಬಿಳಿ. 1965ರಲ್ಲಿ ಸ್ಟೆಯ್‌ಸ್ಕಾಲ್ ಮತ್ತು ಟ್ಯಾನರ್ ಈ ಉಪಾಯ ಕಂಡುಹಿಡಿದಾಗ ಅದು ಪ್ರಯೋಗಶಾಲೆಯ ಕೊಳವೆಗಳಿಗೆ ಮಾತ್ರ ಇದ್ದದ್ದು. ಮನುಷ್ಯರ ಮೆದುಳಿಗೆ ತಂದದ್ದು ಫ್ರಾನ್ಸಿನ ಡೆನಿ ಲ ಬಿಯಾನ್, 1986ರಲ್ಲಿ. ಸ್ಕ್ಯಾನರಿನೊಳಗೆ ಮಲಗಿದವರಿಗೆ ಈ ಭಾಗ ಗೊತ್ತಾಗಿಬಿಡುತ್ತದೆ. ಆ ಒಂದೆರಡು ನಿಮಿಷ ಸದ್ದು ಜೋರು, ಮಲಗಿದ ಮೇಜೂ ನಡುಗುತ್ತದೆ.

ಲೆಕ್ಕ ಒಮ್ಮೆ ಕಣ್ಣಾರೆ ನೋಡಿ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಸೆಟ್ಟಿಂಗಿನಲ್ಲಿ (ಬಿ-ವ್ಯಾಲ್ಯೂ 1000) 800 ಅಂಕಿಯ ಆರೋಗ್ಯವಂತ ಮೆದುಳಿನ ಸಿಗ್ನಲ್ ಮೂಲದ 45%ಗೆ ಇಳಿಯುತ್ತದೆ. 400ಕ್ಕೆ ಇಳಿದ ಜಾಗದಲ್ಲಿ 67% ಉಳಿಯುತ್ತದೆ. ಮೆದುಳಿನ ಸುತ್ತಲಿನ ತಿಳಿದ್ರವದಲ್ಲಿ 5% ಮಾತ್ರ. ಅಂದರೆ ದೊಡ್ಡಪ್ಪನ ಕಲೆ ಹೊಳೆಯಿತು ಅಂತ ನಾನು ಹೇಳಿದ್ದೇ ತಪ್ಪು. ಸುತ್ತಲಿನದು ಹೆಚ್ಚು ಮಂಕಾಯಿತು, ಕಲೆ ಕಡಿಮೆ ಮಂಕಾಯಿತು. ಅದು ಫೋಟೋ ಅಲ್ಲ. ನಡಿಗೆಯ ಲೆಕ್ಕವನ್ನು ಬಣ್ಣದಲ್ಲಿ ಬರೆದದ್ದು.

ಲೆಕ್ಕ ಅಂದಮೇಲೆ ತಪ್ಪು ಓದುವ ಭಯವೂ ಇದೆ. ಹಳೆಯ ಗಾಯದಲ್ಲಿ ನೀರೇ ಜಾಸ್ತಿ ಸೇರಿಕೊಂಡಿದ್ದರೆ ಮೂಲ ಸಿಗ್ನಲ್ಲೇ ಜೋರಾಗಿರುತ್ತದೆ. ಓಡಾಟದಿಂದ ಒಂದಿಷ್ಟು ಕುಗ್ಗಿದರೂ ಬಿಳಿಯಾಗಿಯೇ ಕಾಣುತ್ತದೆ. ಹೊಸಬರು ಇಲ್ಲಿ ಎಡವುತ್ತಾರೆ. ಅದಕ್ಕೇ ಬಿಳಿ ಕಂಡ ತಕ್ಷಣ ರೇಡಿಯಾಲಜಿಸ್ಟ್ ಪಕ್ಕದಲ್ಲಿ ಎಡಿಸಿ ಚಿತ್ರ ತೆರೆಯುತ್ತಾರೆ. ಅಯಸ್ಕಾಂತದ ಮಿಡಿತ ಇಲ್ಲದ ಚಿತ್ರ, ಇರುವ ಚಿತ್ರ, ಇವೆರಡನ್ನೂ ಹೋಲಿಸಿ ಕಂಪ್ಯೂಟರ್ ಬಿಡಿಸಿದ ನಕ್ಷೆ ಅದು. ಅಲ್ಲಿ ಬಣ್ಣ ಉಲ್ಟಾ. ನಿಂತ ನೀರು ಕಪ್ಪು. ಡಿಫ್ಯೂಷನ್‌ನಲ್ಲಿ ಬಿಳಿ, ಎಡಿಸಿಯಲ್ಲಿ ಕಪ್ಪು ಇದ್ದರೆ ಹೊಸ ಪೆಟ್ಟು. ಎರಡರಲ್ಲೂ ಬಿಳಿ ಇದ್ದರೆ ಹೆಚ್ಚಾಗಿ ಹಳೆಯದು. ದೊಡ್ಡಪ್ಪನ ಎಡಿಸಿ ಚಿತ್ರದಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ, ಇದ್ದಿಲು ಒತ್ತಿದಂತೆ ಕಪ್ಪು.

ಈ ಬದಲಾವಣೆ ಎಷ್ಟು ಬೇಗ ಕಾಣುತ್ತದೆ ಅಂತ ಮೊದಲು ಗೊತ್ತಾದದ್ದು ಬೆಕ್ಕುಗಳಿಂದ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೋಸ್ಲಿ ಮತ್ತು ಜೊತೆಗಾರರು ಬೆಕ್ಕಿನ ಮೆದುಳಿನ ನಾಳ ಕಟ್ಟಿ ನೋಡಿದರು. 45 ನಿಮಿಷಕ್ಕೇ ಡಿಫ್ಯೂಷನ್‌ನಲ್ಲಿ ಕಲೆ ಎದ್ದಿತ್ತು. ಸಾಮಾನ್ಯ ಎಂಆರ್‌ಐನಲ್ಲಿ ಅದು ಕಾಣಲು ಇನ್ನೂ ಗಂಟೆಗಳು ಬೇಕಾದವು. ಒಂದೆರಡು ವರ್ಷದಲ್ಲೇ ಮನುಷ್ಯರಲ್ಲೂ ಹಾಗೇ ಅಂತ ಖಚಿತವಾಯಿತು.

ಬೆಕ್ಕಿನ ಪ್ರಯೋಗದಲ್ಲಿ ಕಂಡ ಆ ಹೊತ್ತಿನ ಅಂತರ ಮುಂದೆ ಗಡಿಯಾರವಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯ ಮಿತಿ 4.5 ಗಂಟೆ. ತಡವಾದರೆ ಅದೇ ಇಂಜೆಕ್ಷನ್‌ನಿಂದ ಮೆದುಳಿನಲ್ಲಿ ರಕ್ತ ಸೋರುವ ಅಪಾಯ ಮೇಲುಗೈ ಆಗುತ್ತದೆ. ನಿದ್ದೆಯಲ್ಲಿ ಲಕ್ವ ಹೊಡೆದವರಿಗೆ ಹೊತ್ತು ಹೇಳುವವರೇ ಇಲ್ಲ. ಆದರೆ ಮೆದುಳು ಹೇಳುತ್ತದೆ. ಮೊದಲು ನೀರಿನ ನಡಿಗೆ ನಿಲ್ಲುತ್ತದೆ, ಡಿಫ್ಯೂಷನ್ ಬಿಳಿಯಾಗುತ್ತದೆ. ಕೆಲವು ಗಂಟೆ ಕಳೆದ ಮೇಲೆ ರಕ್ತನಾಳದಿಂದ ಹೊಸ ನೀರು ಒಳಬರತೊಡಗುತ್ತದೆ. ಡಬ್ಬಿಗೆ ಹೊರಗಿನಿಂದ ನೀರು ಸುರಿದ ಹಾಗೆ. ಆಗ ಫ್ಲೇರ್ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರವೂ ಬಿಳಿಯಾಗುತ್ತದೆ. ಡಿಫ್ಯೂಷನ್ ಬಿಳಿ, ಫ್ಲೇರ್ ಇನ್ನೂ ಸ್ವಚ್ಛ ಅಂದರೆ ಹೊತ್ತು ಮೀರಿಲ್ಲ ಅಂತ ಅಂದಾಜು.

ಈ ಅಂದಾಜನ್ನು ನಂಬಿ ಇಂಜೆಕ್ಷನ್ ಕೊಡಬಹುದೇ? ಯುರೋಪಿನಲ್ಲಿ ವೇಕ್-ಅಪ್ ಎಂಬ ಪರೀಕ್ಷೆ ನಡೆಯಿತು. 800 ಜನ ಬೇಕಿತ್ತು, ಹಣ ಮುಗಿದು 503ಕ್ಕೇ ನಿಂತಿತು. 2018ರಲ್ಲಿ ಫಲಿತಾಂಶ ಬಂತು. ಇಂಜೆಕ್ಷನ್ ಪಡೆದವರಲ್ಲಿ 53.3% ಜನ 3 ತಿಂಗಳಿಗೆ ಹೆಚ್ಚುಕಡಿಮೆ ಮೊದಲಿನಂತಾಗಿದ್ದರು. ಪಡೆಯದವರಲ್ಲಿ 41.8%. ತೊಂದರೆ ಕೊಡುವಷ್ಟು ರಕ್ತಸ್ರಾವ ಆದದ್ದು 2% ಜನರಿಗೆ, ಇಂಜೆಕ್ಷನ್ ಇಲ್ಲದವರಲ್ಲಿ 0.4%. ಲಾಭವೂ ಇದೆ, ಬೆಲೆಯೂ ಇದೆ.

ದೊಡ್ಡಪ್ಪನ ಫ್ಲೇರ್‌ನಲ್ಲಿ ಆಗಲೇ ಬಿಳಿ ಮೂಡಿತ್ತು. ತೆಳ್ಳಗೆ, ಹಾಲಿಗೆ ನೀರು ಬೆರೆಸಿದ ಹಾಗೆ, ಆದರೂ ಇತ್ತು. ಇಂಜೆಕ್ಷನ್ ಕೊಡಲಿಲ್ಲ. ಮನೆಯಲ್ಲಿ ಕೆಲವರಿಗೆ ಇವತ್ತಿಗೂ ಕೋಪ ಇದೆ. ನಾನು ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ನೋಡಿದವನು. ಡಾಕ್ಟರು ಮಾಡಿದ್ದು ಸರಿ ಅನ್ನುತ್ತೇನೆ.

ಬಿಳಿಯಾದದ್ದೆಲ್ಲ ಸತ್ತಿದೆಯೇ? ಮನೆಯವರು ಕೇಳುವ ಪ್ರಶ್ನೆ ಇದು, ನೇರ ಉತ್ತರ ಇಲ್ಲ. ಬಹುಪಾಲು ಬಿಳಿ ಉಳಿಯುವುದಿಲ್ಲ ಅನ್ನುವುದು ನಿಜ. ಎಡಿಸಿ 620ಕ್ಕಿಂತ ಕೆಳಗಿಳಿದ ಭಾಗವನ್ನು ಕಳೆದುಹೋದದ್ದು ಅಂತ ಲೆಕ್ಕ ಹಾಕುವುದು ಈಗ ರೂಢಿ. ಆದರೂ ನಾಳ ಬೇಗ ತೆರೆದರೆ ಬಿಳಿಯ ಒಂದಿಷ್ಟು ಅಂಚು ಮತ್ತೆ ಚೇತರಿಸಿಕೊಳ್ಳುವುದುಂಟು. ಪಂಪು ನಿಂತಿದೆ ಅಂದಮಾತ್ರಕ್ಕೆ ಮೋಟಾರು ಸುಟ್ಟಿದೆ ಅಂತಲ್ಲ. ಕಲೆಯ ಸುತ್ತ ಇನ್ನೊಂದು ಪ್ರದೇಶ ಇರುತ್ತದೆ. ಅಲ್ಲಿ ರಕ್ತ ಕಡಿಮೆ, ಕೆಲಸ ನಿಂತಿದೆ, ಆದರೆ ಪಂಪು ಇನ್ನೂ ಓಡುತ್ತಿದೆ. ಗ್ರಹಣದ ಅರೆನೆರಳಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಡಿಫ್ಯೂಷನ್ ಅದನ್ನು ತೋರಿಸುವುದಿಲ್ಲ. ರಕ್ತದ ಹರಿವು ಅಳೆಯುವ ಬೇರೆ ಸ್ಕ್ಯಾನ್ ಬೇಕು. ಸತ್ತದ್ದು ಸಣ್ಣದು, ಅರೆನೆರಳು ದೊಡ್ಡದು ಇದ್ದವರಿಗೆ 6ರಿಂದ 16 ಗಂಟೆಯ ನಡುವೆಯೂ ತಂತಿ ತೂರಿಸಿ ಹೆಪ್ಪು ತೆಗೆಯಬಹುದು ಅಂತ 2018ರಲ್ಲಿ ಡಿಫ್ಯೂಸ್ 3 ಪರೀಕ್ಷೆ ತೋರಿಸಿತು. ಹೆಪ್ಪು ತೆಗೆಸಿಕೊಂಡವರಲ್ಲಿ 45% ಜನ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾದರು, ಬರೀ ಔಷಧಿ ಪಡೆದವರಲ್ಲಿ 17%.

ಈ ಸ್ಕ್ಯಾನಿಗೂ ಕಣ್ಣು ತಪ್ಪುತ್ತದೆ. ಸ್ಟ್ರೋಕ್ ಆದ 100 ಜನರಲ್ಲಿ ಸುಮಾರು 7 ಜನರ ಮೊದಲ ಡಿಫ್ಯೂಷನ್‌ನಲ್ಲಿ ಏನೂ ಕಾಣುವುದಿಲ್ಲ. ಮೆದುಳಿನ ಹಿಂಭಾಗ, ಬುಡದ ಕಾಂಡ, ಇವೇ ಹೆಚ್ಚಾಗಿ ತಪ್ಪಿಸಿಕೊಳ್ಳುವ ಜಾಗ. ಅದಕ್ಕೆ ವಿರುದ್ಧವಾಗಿ ಫಿಟ್ಸ್ ಬಂದವರಲ್ಲಿ, ಸಕ್ಕರೆ ಅಂಶ ತೀರಾ ಇಳಿದವರಲ್ಲಿ, ಮೆದುಳಿನಲ್ಲಿ ಕೀವು ಕಟ್ಟಿದವರಲ್ಲೂ ಇಂಥದೇ ಬಿಳಿ ಬರಬಹುದು. ಸ್ಕ್ಯಾನ್ ಸ್ವಚ್ಛ ಇದ್ದರೂ ಬಾಯಿ ಸೊಟ್ಟಗಿದ್ದರೆ ಡಾಕ್ಟರು ಬಾಯಿಯನ್ನೇ ನಂಬುತ್ತಾರೆ.

ಹತ್ತು ದಿನ ತಡವಾಗಿ ಸ್ಕ್ಯಾನ್ ಮಾಡಿದರೆ ಇನ್ನೊಂದು ಮೋಸ ಇದೆ. ಮೊದಲ ಕೆಲವು ದಿನ ಎಡಿಸಿ ತಳದಲ್ಲೇ ಇರುತ್ತದೆ. ಆಮೇಲೆ ಸತ್ತ ಜೀವಕೋಶಗಳ ಗೋಡೆ ಒಡೆಯುತ್ತಾ ಹೋಗುತ್ತದೆ, ನೀರಿಗೆ ದಾರಿ ಬಿಡುತ್ತದೆ, ಅಂಕಿ ಏರತೊಡಗುತ್ತದೆ. ಒಂದರಿಂದ ಎರಡು ವಾರದ ನಡುವೆ ಎಲ್ಲೋ ಅದು 800 ಮುಟ್ಟುತ್ತದೆ. ನೋಡಿದರೆ ನಾರ್ಮಲ್! ಗುಣವಾದದ್ದಲ್ಲ. ಬಸ್ಸು ನಮ್ಮೂರ ಮೂಲಕ ಹಾದುಹೋಗುತ್ತಿದೆ, ಇಲ್ಲಿ ಸ್ಟಾಪ್ ಇಲ್ಲ.

ಇಷ್ಟೆಲ್ಲ ಕಲೆಯ ಮಾತಾಯಿತು. ಕಲೆಯಿಂದ ದೂರದಲ್ಲಿ ಆಗುವ ಹಾನಿಯನ್ನೂ ನೀರಿನ ನಡಿಗೆಯೇ ತೋರಿಸುತ್ತದೆ. ಮೆದುಳಿನ ಮೇಲ್ಪದರದಿಂದ ಕೈಗೆ ಆಜ್ಞೆ ಒಯ್ಯುವ ನರತಂತುಗಳು ಕಟ್ಟುಕಟ್ಟಾಗಿ ಕೆಳಗಿಳಿಯುತ್ತವೆ. ಕಬ್ಬಿನ ಗದ್ದೆಯಲ್ಲಿ ಸಾಲಿನ ಉದ್ದಕ್ಕೆ ನಡೆಯುವುದು ಸಲೀಸು, ಅಡ್ಡ ದಾಟುವುದು ಪ್ರಯಾಸ. ಈ ಕಟ್ಟುಗಳಲ್ಲಿ ನೀರಿಗೂ ಹಾಗೇ. ಬೇರೆ ಬೇರೆ ದಿಕ್ಕಿನಲ್ಲಿ ನಡಿಗೆ ಅಳೆದರೆ ಸಾಲು ಯಾವ ಕಡೆಗಿದೆ ಅಂತ ಗೊತ್ತಾಗುತ್ತದೆ. ಬ್ಯಾಸರ್, ಮ್ಯಾಟಿಯೆಲ್ಲೋ, ಲ ಬಿಯಾನ್ 1994ರಲ್ಲಿ ಇದಕ್ಕೆ ಗಣಿತ ಕೊಟ್ಟರು. ಹೆಸರು ಡಿಫ್ಯೂಷನ್ ಟೆನ್ಸರ್. ಸಾಲು ಎಷ್ಟು ಶಿಸ್ತಾಗಿದೆ ಅನ್ನುವುದಕ್ಕೆ 0ಯಿಂದ 1ರವರೆಗೆ ಒಂದು ಅಂಕಿಯೂ ಇದೆ.

ಕಬ್ಬಿನ ಬುಡ ಕತ್ತರಿಸಿದರೆ ಮೇಲಿನದು ಒಣಗುತ್ತದೆ. ನರತಂತು ತುಂಡಾದರೂ ಹಾಗೇ, ಮೂಲದಿಂದ ಬೇರೆಯಾದ ಭಾಗ ಸೊರಗುತ್ತದೆ. 1850ರಲ್ಲಿ ಅಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನು ಕಂಡಿದ್ದ. ಲಕ್ವ ಹೊಡೆದ ವಾರಗಳ ನಂತರ ಕಲೆಗಿಂತ ಎಷ್ಟೋ ಕೆಳಗೆ, ಮೆದುಳಿನ ಕಾಂಡದಲ್ಲಿ, ಆ ಶಿಸ್ತಿನ ಅಂಕಿ ಇಳಿಯುತ್ತದೆ. ಎಡಬಲಗಳ ಅಂತರ ಹೆಚ್ಚಾದಷ್ಟೂ ಕೈ ಚೇತರಿಸುವುದು ಕಷ್ಟ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಇದು ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ, ದಿನನಿತ್ಯದ ಚಿಕಿತ್ಸೆಗೆ ಅಷ್ಟಾಗಿ ಇಳಿದಿಲ್ಲ. ಬಣ್ಣಬಣ್ಣದ ಎಳೆಗಳ ಆ ಚಿತ್ರ ನೋಡಿ ಮರುಳಾಗಬೇಡಿ. ಒಂದೂ ಎಳೆ ನಿಜವಾದ ನರ ಅಲ್ಲ, ಕಂಪ್ಯೂಟರ್ ಎಳೆದ ಗೆರೆ. 2 ಮಿಲಿಮೀಟರಿನ ಒಂದು ಚೌಕದೊಳಗೆ ಲಕ್ಷಾಂತರ ತಂತುಗಳಿರುತ್ತವೆ. ಎರಡು ಕಟ್ಟುಗಳು ಅಡ್ಡ ಹಾಯುವ ಕಡೆ ಲೆಕ್ಕ ಗೊಂದಲಕ್ಕೆ ಬೀಳುತ್ತದೆ.

ಎಂಟು ತಿಂಗಳ ನಂತರ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ತಲೆಗೆ ಪೆಟ್ಟಾಗಿತ್ತು, ಇನ್ನೊಮ್ಮೆ ಎಂಆರ್‌ಐ ಮಾಡಿಸಿದೆವು. ಹೊಸದೇನೂ ಇರಲಿಲ್ಲ. ಹಳೆಯ ಜಾಗ ತೋರಿಸಿ ಅಂತ ನಾನೇ ಕೇಳಿದೆ. ಡಿಫ್ಯೂಷನ್‌ನಲ್ಲಿ ಆ ಬಿಳಿ ಈಗ ಕಪ್ಪು ಕುಳಿ. ಎಡಿಸಿ ಚಿತ್ರದಲ್ಲಿ ಅದೇ ಜಾಗ ಬಿಳಿ. ಡಾಕ್ಟರು ಮೌಸ್ ಇಟ್ಟರು, ಅಂಕಿ 2000 ದಾಟಿತ್ತು. ಜೀವಕೋಶ ಇಲ್ಲ, ಗೋಡೆ ಇಲ್ಲ, ತಿಳಿದ್ರವ ತುಂಬಿಕೊಂಡಿದೆ. ಅಲ್ಲಿ ಈಗ ನೀರಿಗೆ ಯಾವ ಅಡ್ಡಿಯೂ ಇಲ್ಲ.